ಗೆರೆಯವರೆಗೆ ತುಂಬಿದ ಸೀಸೆ

ನಮ್ಮ ಬಾರಿನ ಬಾಗಿಲು ಸಂಜೆ ಐದಕ್ಕೆ ತೆರೆಯುತ್ತದೆ. ಹಾಡು, ಬಣ್ಣದ ದೀಪ, ಮೈಗೆ ಮೈ ತಾಗುವ ಜನ, ಇವೆಲ್ಲ ಒಂಬತ್ತರ ಮೇಲಿನ ಮಾತು. ಐದರಿಂದ ಏಳರವರೆಗೆ ಕುರ್ಚಿಗಳೇ ಒಂದರ ಮುಖ ಒಂದು ನೋಡುತ್ತಾ ಕೂತಿರುತ್ತವೆ. ಗುರುವಾರ ಮಾತ್ರ ಆ ಹೊತ್ತಿಗೆ ಇಬ್ಬರು ಮುದುಕರು ಬರುತ್ತಿದ್ದರು. ಹೊಳೆಯ ಕಡೆಯ ಕಿಟಕಿಗೆ ಅಂಟಿದ ಮೇಜಿನಲ್ಲಿ ಕೂತು, ಒಂದು ಬೆರಳಿನಷ್ಟು ಬ್ರಾಂದಿಯನ್ನು ಎರಡು ಗಂಟೆ ಕುಡಿದು, ಹಾಡು ಶುರುವಾಗುವ ಮೊದಲೇ ಎದ್ದು ಹೋಗುತ್ತಿದ್ದರು. ಬಡಿಸುವ ಹುಡುಗಿಯರು ಅವರಿಗೆ 'ಮೊದಲನೇ ಪಾಳಿ' ಎಂದು ಹೆಸರಿಟ್ಟಿದ್ದರು.

ವುಹಾನಿನ ಹಾನ್‌ಕೌ ದಂಡೆಯಲ್ಲಿ ಈ ಕಟ್ಟಡ ಮೊದಲು ದೋಣಿ ಕಂಪನಿಯ ಊಟದ ಮನೆಯಾಗಿತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ನಾನು ಅಲ್ಲಿ ಅಕ್ಕಿ ತೊಳೆಯಲು ಸೇರಿದೆ. ಸೇತುವೆಗಳು ಬಂದವು, ಹೊಳೆಯ ಅಡಿಯಲ್ಲೇ ರೈಲು ಬಂತು, ದೋಣಿ ಹತ್ತುವವರು ಕಮ್ಮಿಯಾದರು, ಒಲೆ ಆರಿತು. ಆಮೇಲೆ ಕುವಾಂಗ್ ಎಂಬ ಯುವಕ ಕಟ್ಟಡವನ್ನು ಬಾಡಿಗೆಗೆ ಹಿಡಿದು, ಗೋಡೆ ಒಡೆಸಿ ಗಾಜು ಹಾಕಿಸಿ, ದೋಣಿ ನಿಲ್ಲುತ್ತಿದ್ದ ಕಟ್ಟೆಯ ನೆನಪಿಗೆ 'ಏಳನೇ ಧಕ್ಕೆ' ಎಂದು ಬಾರು ತೆರೆದ. ಕೆಲಸಕ್ಕೆ ಎಲ್ಲ ಎಳೆಯರನ್ನೇ ತಂದ. ನನ್ನನ್ನು ಮಾತ್ರ ಉಳಿಸಿಕೊಂಡ. ಕಂಬ ಕೆಡವಿದರೆ ಸೂರು ಬೀಳುತ್ತದೆ, ರುವಾನ್ ಅಕ್ಕನನ್ನು ಕಳಿಸಿದರೆ ಏನು ಬೀಳುತ್ತದೋ ಗೊತ್ತಿಲ್ಲ, ಯಾಕೆ ಅಪಾಯ ಎಂದು ತಮಾಷೆ ಮಾಡಿದ. ನನ್ನ ಪೂರ್ತಿ ಹೆಸರು ರುವಾನ್ ಪೇಜೆನ್. ಬಾರಿನಲ್ಲಿ ಎಲ್ಲರಿಗೂ ರುವಾನ್ ಅಕ್ಕ.

ಅವನು ನನಗೆ ಕೊಟ್ಟ ಕೆಲಸ ಇಟ್ಟ ಸೀಸೆಗಳ ಕಪಾಟು. ನಮ್ಮ ಕಡೆ ಬಾರಿಗೆ ಬಂದವರು ಇಡೀ ಸೀಸೆಯನ್ನೇ ಕೊಳ್ಳುತ್ತಾರೆ. ಮುಗಿಸುವವರು ಕಮ್ಮಿ. ಉಳಿದದ್ದನ್ನು ಬಾರಿನಲ್ಲೇ ಬಿಟ್ಟು ಹೋಗುತ್ತಾರೆ. ನಾನು ಸೀಸೆಯ ಕೊರಳಿಗೆ ಹೆಸರು, ತಾರೀಖು ಬರೆದ ಚೀಟಿ ಕಟ್ಟಿ, ಮದ್ಯ ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಗಾಜಿನ ಮೇಲೆ ಗೆರೆ ಎಳೆದು ಕಪಾಟಿನಲ್ಲಿ ಇಡಬೇಕು. ತೊಂಬತ್ತು ದಿನದ ಗಡುವು. ಅಷ್ಟರಲ್ಲಿ ಬಂದರೆ ಅಥವಾ ಫೋನಿನಲ್ಲಿ ಒಂದು ಮಾತು ಹೇಳಿದರೆ ಮತ್ತೆ ತೊಂಬತ್ತು ದಿನ. ಇಲ್ಲದಿದ್ದರೆ ಸೀಸೆ ಬಾರಿನದು. ಆ ಕಪಾಟಿನ ಬೀಗದ ಕೈ ನನ್ನ ಕೊರಳಲ್ಲಿ, ಜಪಮಣಿಯ ಪಕ್ಕ.

ಜಪಮಣಿ ಇರುವ ಕೊರಳು ಬಾರಿನಲ್ಲಿ ಏನು ಮಾಡುತ್ತದೆ ಎಂದು ಕೇಳುವವರಿದ್ದಾರೆ. ಅಮ್ಮ ತೀರಿಕೊಂಡ ವರ್ಷ ನಾನು ವಿಹಾರದಲ್ಲಿ ಐದು ವ್ರತ ಹಿಡಿದೆ. ನಾಲ್ಕನೆಯದು ಸುಳ್ಳಾಡದಿರುವುದು, ಐದನೆಯದು ಮದ್ಯ ಮುಟ್ಟದಿರುವುದು. ಬಾರಿನ ಕೆಲಸ ಬಂದಾಗ ಹಿರಿಯ ಭಿಕ್ಷುಣಿಯನ್ನು ಕೇಳಿದೆ. ಅವರು, ಬೇರೆಯವರ ವಸ್ತುವನ್ನು ಕಾಯುವುದೂ ಒಂದು ನಿಷ್ಠೆ, ಅದನ್ನಾದರೂ ಸರಿಯಾಗಿ ಮಾಡು ಎಂದರು. ಆ ಒಂದು ಮಾತಿನ ಮೇಲೆ ನಾನು ಒಂಬತ್ತು ವರ್ಷ ನಿಂತಿದ್ದೆ. ಕುವಾಂಗ್ ಹೊಸಬರಿಗೆ ನನ್ನನ್ನು ತೋರಿಸಿ, "ಅಕ್ಕ ಕಾವಲಿದ್ರೆ ಮದ್ಯ ಗಾಳಿಗೂ ಆರಲ್ಲ" ಎನ್ನುತ್ತಿದ್ದ. ಒಳಗೊಳಗೆ ನನಗೆ ಹೆಮ್ಮೆಯಾಗುತ್ತಿತ್ತು. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಆ ಇಬ್ಬರು ಮುದುಕರಲ್ಲಿ ಒಬ್ಬರು ಯಾನ್. ಮೂವತ್ತೆಂಟು ವರ್ಷ ದೋಣಿಯ ಚುಕ್ಕಾಣಿ ಹಿಡಿದವರು. ಮಕ್ಕಳಿಲ್ಲ, ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಊಟದ ಮನೆಯ ದಿನಗಳಿಂದಲೂ ನನಗೆ ಅವರು ಯಾನ್ ದೊಡ್ಡಪ್ಪ. ಇನ್ನೊಬ್ಬರು ಗೊಂಗ್ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ. ಒಂದು ಕೈಯಲ್ಲಿ ತಾಳದ ಹಲಗೆ, ಇನ್ನೊಂದು ಕೈಯಲ್ಲಿ ಪುಟ್ಟ ಡೋಲಿನ ಕೋಲು ಹಿಡಿದು ಹಳೆಯ ವೀರರ ಕಥೆಗಳನ್ನು ಪದ್ಯದಲ್ಲಿ ಹೇಳುತ್ತಿದ್ದವರು. ನಾನು ಏಳೆಂಟು ವರ್ಷದವಳಿದ್ದಾಗ ಅಮ್ಮ ನನ್ನನ್ನು ಕಾರ್ಮಿಕರ ಸಭಾಂಗಣಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಮುಂದಿನ ಸಾಲಿನ ನೆಲದ ಮೇಲೆ ಕೂತು ಅವರ ಪದ್ಯ ಕೇಳಿ ಬೆಳೆದವಳು ನಾನು. ಕೊಟ್ಟ ಮಾತಿಗಾಗಿ ತಲೆ ಕೊಟ್ಟವರ ಕಥೆಗಳೇ ಹೆಚ್ಚು. ಇದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ಅವರ ಸೀಸೆ ಬಾರಿನಲ್ಲಿ ಕೊಂಡದ್ದಲ್ಲ. ಯಾನ್ ದೊಡ್ಡಪ್ಪ ನಿವೃತ್ತರಾದಾಗ ದೋಣಿ ಕಂಪನಿ ಕೊಟ್ಟ ಬ್ರಾಂದಿ. ಸೀಸೆಯ ಮೈಗೆ ಅಂಟಿಸಿದ ಕಾಗದದ ಮೇಲೆ ಅವರು ನಡೆಸುತ್ತಿದ್ದ ದೋಣಿಯದೇ ಚಿತ್ರ, ಹೊಗೆ ಕೊಳವೆಗೆ ಕೆಂಪು ಪಟ್ಟಿ. ಅಂಥ ಸೀಸೆ ಮತ್ತೊಂದಿರಲಿಲ್ಲ. ಹೊರಗಿನ ಸೀಸೆ ತರಬಾರದೆಂಬ ನಿಯಮವನ್ನು ಕುವಾಂಗ್ ಇವರಿಬ್ಬರಿಗಾಗಿ ಸಡಿಲಿಸಿದ್ದ. ದೊಡ್ಡಪ್ಪ ಕಾಗದದಲ್ಲಿ ಸುತ್ತಿ ಖಾರದ ಬಾತುಕೋಳಿ ಕೊರಳು ತರುತ್ತಿದ್ದರು, ಮೇಷ್ಟ್ರು ಹುರಿದ ಕಡಲೆಕಾಯಿ.

ಬಟ್ಟಲು ತಾಗಿಸುವಾಗ ಕಿರಿಯನ ಬಟ್ಟಲು ಹಿರಿಯನದಕ್ಕಿಂತ ತಗ್ಗಿನಲ್ಲಿರಬೇಕು, ಅದು ಮರ್ಯಾದೆ. ಅವರಿಬ್ಬರು ಹುಟ್ಟಿದ್ದು ಒಂದೇ ವರ್ಷ, ಯಾರು ಹಿರಿಯರೆಂಬುದು ತೀರ್ಮಾನವಾಗಿರಲಿಲ್ಲ. ಹಾಗಾಗಿ ಪ್ರತಿ ಗುರುವಾರವೂ ಒಬ್ಬರು ತಗ್ಗಿಸಿದರೆ ಇನ್ನೊಬ್ಬರು ಅದಕ್ಕಿಂತ ತಗ್ಗಿಸುತ್ತಾ ಬಟ್ಟಲುಗಳು ಮೇಜಿನ ಅಂಚು ದಾಟಿ ಮೊಣಕಾಲಿನವರೆಗೆ ಇಳಿಯುತ್ತಿದ್ದವು.

"ಪದ್ಯದ ಮೇಷ್ಟ್ರೇ, ಇನ್ನೂ ತಗ್ಗಿಸಿದ್ರೆ ನೆಲದೊಳಗೇ ಹೋಗ್ಬೇಕಾಗತ್ತೆ" ಎನ್ನುತ್ತಿದ್ದರು ದೊಡ್ಡಪ್ಪ.

"ನೀನು ಮೊದ್ಲು ನಡಿ. ದಾರಿ ತೋರಿಸೋದು ಚುಕ್ಕಾಣಿಯವನ ಕೆಲ್ಸ ತಾನೇ?"

ಹುಡುಗಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಳೆದ ನವೆಂಬರಿನ ಒಂದು ಗುರುವಾರ ದೊಡ್ಡಪ್ಪ ಬಾತುಕೋಳಿ ಕೊರಳು ತರಲಿಲ್ಲ. ಅಂಗಿಯ ಕಾಲರಿನಲ್ಲಿ ಅವರ ಕೊರಳು ಸಡಿಲವಾಗಿ ತೂಗುತ್ತಿತ್ತು. ಬಟ್ಟಲನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟರು. ಎದ್ದು ಹೋಗುವಾಗ ಮೇಷ್ಟ್ರು ಅವರನ್ನು ಬಾಗಿಲ ಬಳಿ ನಿಲ್ಲಿಸಿ, ತಾವೊಬ್ಬರೇ ಕಪಾಟಿನ ಹತ್ತಿರ ಬಂದರು. ಸೋಮವಾರ ಹೊಟ್ಟೆಯ ಶಸ್ತ್ರಚಿಕಿತ್ಸೆ ಎಂದರು. ಆಸ್ಪತ್ರೆಯಲ್ಲಿ ಜೊತೆಗೆ ಇರುವವರು ತಾವೇ, ಬೇರೆ ಯಾರಿದ್ದಾರೆ ಎಂದರು.

"ತೊಂಬತ್ತು ದಿನ ದಾಟಬಹುದು ಪೇಜೆನ್. ನೀನು ಚೀಟಿ ನೋಡ್ಬೇಡ. ಇವನು ಎದ್ದು ಬಂದ್ಮೇಲೆ ಇದನ್ನ ಇಲ್ಲೇ ಕೂತು ಮುಗಿಸ್ತೀವಿ."

"ನಾನಿದ್ದೀನಿ ಮೇಷ್ಟ್ರೇ" ಎಂದೆ. "ನೀವು ನಿಶ್ಚಿಂತೆಯಾಗಿರಿ."

ಸೀಸೆಯಲ್ಲಿ ಮೂರನೇ ಒಂದು ಭಾಗ ಉಳಿದಿತ್ತು. ಗೆರೆ ಎಳೆದೆ, ತಾರೀಖು ಬರೆದೆ. ಗಡುವು ಮುಂದುವರಿದಿದೆ ಎಂದು ಅದೇ ಚೀಟಿಯಲ್ಲಿ ಎರಡು ಅಕ್ಷರ ಬರೆದಿದ್ದರೆ ಸಾಕಿತ್ತು. ತಿಂಗಳಿಗೊಮ್ಮೆ ಕುವಾಂಗ್ ಚೀಟಿಗಳನ್ನು ನೋಡುತ್ತಾನೆ, ತೊಂಬತ್ತು ದಿನ ಮುಗಿಯುವ ಮೊದಲೇ ಯಾಕೆ ಮುಂದುವರಿಸಿದೆ ಎಂದು ಕೇಳುತ್ತಾನೆ, ಆಮೇಲೆ ಬರೆದರಾಯಿತು ಎಂದುಕೊಂಡೆ. ಮರೆಯಲಿಲ್ಲ. ಆಮೇಲೆ ಬರೆಯೋಣ ಎಂದು ಪ್ರತಿ ವಾರವೂ ನೆನಪಿಸಿಕೊಂಡೆ.

ಚಳಿಗಾಲ ಪೂರ್ತಿ ಅವರಿಂದ ಸುದ್ದಿಯಿಲ್ಲ. ಹೊಸ ವರ್ಷದ ಹಬ್ಬ ಬಂದು ಹೋಯಿತು. ಬಾಗಿಲಿಗೆ ಅಂಟಿಸಿದ್ದ ಕೆಂಪು ಕಾಗದ ಬಿಸಿಲಿಗೆ ಬಿಳಿಚಿತು.

ಫೆಬ್ರವರಿಯ ಕೊನೆಯಲ್ಲಿ ಒಂದು ಸಂಜೆ ಬಾರಿನ ಪ್ರಚಾರಕ್ಕೆ ಚಿತ್ರ ತೆಗೆಯುವವರು ಬಂದರು. ಜೊತೆಗೆ ಕೂತು ನಗಲೆಂದೇ ಕರೆಸಿದ ಐದಾರು ಹುಡುಗ ಹುಡುಗಿಯರು. ಮೇಜಿನ ಮೇಲೆ ಹಳೆಯ ಕಾಲದ ವಸ್ತು ಏನಾದರೂ ಬೇಕು, ಇದು ಧಕ್ಕೆಯಾಗಿತ್ತೆಂದು ನೋಡಿದವರಿಗೆ ಗೊತ್ತಾಗಬೇಕು ಎಂದು ಅವರಲ್ಲೊಬ್ಬ ಹೇಳಿದ. ಕುವಾಂಗ್ ನನ್ನ ಕಪಾಟಿನ ಮುಂದೆ ಬಂದು ನಿಂತ.

"ಅಕ್ಕಾ, ದೋಣಿ ಚಿತ್ರದ್ದೊಂದು ಸೀಸೆ ಇತ್ತಲ್ಲ. ದಿನ ಮುಗೀತಾ ಅದ್ರದ್ದು?"

"ಮುಗಿದು ಮೂರು ದಿನ."

"ಫೋನೇನಾದ್ರೂ ಬಂತಾ?"

"ಇಲ್ಲ."

ಅವನು ಕೈ ಚಾಚಲಿಲ್ಲ. ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ತಪ್ಪನ್ನು ಅವನ ಮೇಲೆ ಹಾಕಲು ನನ್ನ ಮನಸ್ಸು ಎಷ್ಟೋ ಸಲ ಪ್ರಯತ್ನಿಸಿದೆ. ಅವನು ಕಾದ. ನಾನು ಏನಾದರೂ ಹೇಳುತ್ತೇನೇನೋ ಎಂದು ನನ್ನ ಮುಖ ನೋಡುತ್ತಾ ಕಾದ. ಮಾತು ಕೊಟ್ಟಿದ್ದೇನೆ ಎಂದಿದ್ದರೆ ಬೇರೆ ಯಾವುದನ್ನಾದರೂ ತೆಗೆದುಕೊಂಡು ಹೋಗುತ್ತಿದ್ದ. ನಾನು ಬೀಗ ತೆರೆದು ಸೀಸೆ ಕೊಟ್ಟೆ. ಎಪ್ಪತ್ತು ದಾಟಿದವರು, ಚಳಿಗಾಲ, ಆಸ್ಪತ್ರೆ, ಇನ್ನೇನು ಬರುತ್ತಾರೆ ಎಂದು ಒಳಗೊಂದು ದನಿ ಹೇಳುತ್ತಿತ್ತು. ನನ್ನ ಮನಸ್ಸಿನಲ್ಲಿ ಇಬ್ಬರನ್ನೂ ಆಗಲೇ ಸಾಯಿಸಿಬಿಟ್ಟಿದ್ದೆ.

ಆ ಹುಡುಗರು ಒಂದೊಂದು ಗುಟುಕು ಕುಡಿದು ಮುಖ ಹಿಂಡಿದರು. ಉಳಿದದ್ದನ್ನು ಎತ್ತರದಿಂದ ಸುರಿಯುವ ಚಿತ್ರ ತೆಗೆದರು. ಬೆಳಕಿನಲ್ಲಿ ಅದು ಜೇನಿನ ಹಾಗೆ ಇಳಿದು ಮಂಜುಗಡ್ಡೆಯ ಬಕೆಟ್ಟಿಗೆ ಬಿತ್ತು. ಖಾಲಿ ಸೀಸೆ ಅಂದವಾಗಿದೆ ಎಂದು ಕುವಾಂಗ್ ಅದನ್ನು ಒಳಗಿನ ಕೋಣೆಯ ಹಲಗೆಯ ಮೇಲೆ ಇಟ್ಟ. ಕೊರಳಿನ ಚೀಟಿ ಹಾಗೇ ಇತ್ತು. ಒಂದು ತಿಂಗಳು ನಾನು ದಿನವೂ ಅದರ ಧೂಳು ಒರೆಸಿದೆ.

ಮಾರ್ಚ್ ಮುಗಿಯುವಾಗ ಫೋನು ಬಂತು. ದನಿ ಸಣ್ಣದಾಗಿತ್ತು, ಆದರೆ ಪದ್ಯ ಹೇಳುವವರ ದನಿ, ಗುರುತಾಗದೆ ಇರುತ್ತದೆಯೇ. ಯಾನ್ ದೊಡ್ಡಪ್ಪ ಹೊಸ ವರ್ಷಕ್ಕೆ ನಾಲ್ಕು ದಿನ ಮೊದಲು ತೀರಿಕೊಂಡರಂತೆ. ಅವರ ಬೂದಿಯನ್ನು ಗುಡ್ಡದ ಸ್ಮಶಾನದಲ್ಲಿ ಇಟ್ಟ ವಾರವೇ ಮೇಷ್ಟ್ರಿಗೆ ಜ್ವರ ಬಂದು, ಮಗಳು ಬಂದು ತನ್ನೂರಿಗೆ ಕರೆದುಕೊಂಡು ಹೋದಳಂತೆ. ಈಗ ಬಂದಿದ್ದಾರೆ. ಜ್ವರ ಇಳಿಯಿತು, ಮೂಗು ಮಾತ್ರ ಸತ್ತುಹೋಗಿದೆ, ಅನ್ನ ಸೀದರೂ ಗೊತ್ತಾಗುವುದಿಲ್ಲ, ನಾಲಿಗೆಗೆ ಬಿಸಿ ತಂಪು ಬಿಟ್ಟರೆ ಬೇರೇನೂ ತಿಳಿಯದು ಎಂದರು. ಆಮೇಲೆ ಕೇಳಿದರು.

"ಸೀಸೆ ಇದೆ ತಾನೇ?"

"ಇದೆ ಮೇಷ್ಟ್ರೇ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಸೀಸೆ ಇತ್ತಲ್ಲವೇ ಎಂದು ಆ ರಾತ್ರಿ ನನಗೆ ನಾನೇ ವಾದ ಮಾಡಿಕೊಂಡೆ. ಮಣಿ ಎಣಿಸುತ್ತಾ ಅಂಥ ವಾದ ಮಾಡಿಕೊಳ್ಳುವವಳ ಮುಖ ನೋಡಬೇಕಿತ್ತು. ಸಮಾಧಿ ಗುಡಿಸುವ ಹಬ್ಬದ ಶನಿವಾರ ಬಂದು ಒಯ್ಯುತ್ತೇನೆ ಎಂದಿದ್ದರು ಅವರು. ಅಷ್ಟರಲ್ಲಿ ಅವರ ಮನೆಗೆ ಹೋಗಿ ಕಾಲು ಹಿಡಿದು ನಿಜ ಹೇಳಿಬಿಡಬೇಕೆಂದು ದಿನಕ್ಕೊಂದು ಸಲ ತೀರ್ಮಾನಿಸಿದೆ.

ಅವರು ಬಂದದ್ದು ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ. ಬಾರಿನಲ್ಲಿ ನಾನೊಬ್ಬಳೇ ನೆಲ ಒರೆಸುತ್ತಿದ್ದೆ. ಮಾರುವ ಮದ್ಯವೆಲ್ಲ ಕುವಾಂಗ್‌ನ ಬೀಗದಲ್ಲಿ, ಅವನು ಮಧ್ಯಾಹ್ನದ ಮೇಲೆ ಬರುವವನು. ಗಾಜಿಗೆ ಬೆರಳು ಬಡಿದು ಮೇಷ್ಟ್ರು ನಿಂತಿದ್ದರು. ಒಂದು ಕೈಯಲ್ಲಿ ಹಳದಿ ಸೇವಂತಿಗೆ, ಇನ್ನೊಂದರಲ್ಲಿ ಬಟ್ಟೆಯ ಚೀಲ.

"ಶನಿವಾರ ಬಸ್ಸಲ್ಲಿ ಕಾಲಿಡೋಕಾಗಲ್ಲ" ಎಂದರು. "ಇವತ್ತು ಗುರುವಾರ ಅಲ್ವಾ. ನಮ್ಮ ದಿನ."

ಅವರನ್ನು ಕಿಟಕಿಯ ಮೇಜಿನಲ್ಲಿ ಕೂರಿಸಿ ಒಳಗೆ ಹೋದೆ. ಹಲಗೆಯ ಮೇಲಿನ ಸೀಸೆಯನ್ನು ಕೈಗೆ ತೆಗೆದುಕೊಂಡೆ. ಈಗ ಹೋಗಿ ಖಾಲಿ ಸೀಸೆಯನ್ನೇ ಅವರ ಮುಂದೆ ಇಟ್ಟುಬಿಡಬೇಕು ಎಂದುಕೊಂಡೆ. ನನ್ನ ಚೀಲದ ಪಕ್ಕ ನನ್ನ ಬಾಟಲಿಯಿತ್ತು. ಹುರಿದ ಬಾರ್ಲಿ ಕುದಿಸಿ ಸೋಸಿದ ನೀರು, ದಿನವೂ ತರುತ್ತೇನೆ. ಅದರ ಬಣ್ಣ ನನ್ನ ಕಣ್ಣಿಗೆ ಬಿತ್ತು. ಮೂಗು ಸತ್ತುಹೋಗಿದೆ ಎಂದು ಅವರು ಫೋನಿನಲ್ಲಿ ಹೇಳಿದ ಮಾತು ನನ್ನೊಳಗೆ ಎಲ್ಲಿ ಹೋಗಿ ಕೂತಿತ್ತೆಂದು ಆಗ ಗೊತ್ತಾಯಿತು.

ತುಂಬಿದೆ. ಗೆರೆಯವರೆಗೆ ತುಂಬಿದೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಇಷ್ಟು ವರ್ಷ ಗೆರೆ ನೋಡಿದ ಕೈ ನಡುಗಲೂ ಇಲ್ಲ. ಮುಚ್ಚಳ ಬಿಗಿದು, ಒದ್ದೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟೆ.

ಅವರೂ ಎರಡೂ ಕೈಯಲ್ಲಿ ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ಗೆರೆಯನ್ನು ನೋಡಿದರು, ಬೆರಳಿನಿಂದ ಮುಟ್ಟಿದರು.

"ಕೂದಲೆಳೆಯಷ್ಟೂ ಇಳಿದಿಲ್ಲ" ಎಂದರು. ಸ್ವಲ್ಪ ಹೊತ್ತು ಹೊಳೆಯ ಕಡೆ ತಿರುಗಿ ಕೂತರು. ನಾನು ಹತ್ತಿರ ನಿಂತು ಅವರ ಬೋಳು ತಲೆಯ ಹಿಂಭಾಗವನ್ನು ನೋಡುತ್ತಿದ್ದೆ. ಆಗ ಅವರು, ಯಾನ್‌ಗೆ ಯಾರೂ ಇಲ್ಲ, ನೀನೂ ಬಾ, ಸೀಸೆ ಕಾದವಳು ನೀನು ಎಂದರು. ಆಗದು ಎನ್ನಲು ನನ್ನ ಬಳಿ ಒಂದು ಸುಳ್ಳೂ ಉಳಿದಿರಲಿಲ್ಲ.

ಬಸ್ಸಿನಲ್ಲಿ ಒಂದು ಗಂಟೆ. ಮೇಷ್ಟ್ರು ಸೀಸೆಯನ್ನು ಕೋಟಿನೊಳಗೆ ಎದೆಗೆ ಆನಿಸಿ ಕೂತಿದ್ದರು, ತಣ್ಣಗಾಗಬಾರದೆಂಬಂತೆ. ಆಸ್ಪತ್ರೆಯ ಕೊನೆಯ ದಿನಗಳ ಬಗ್ಗೆ ಹೇಳಿದರು. ದೊಡ್ಡಪ್ಪನಿಗೆ ಎಚ್ಚರವಾದಾಗಲೆಲ್ಲ ಸೀಸೆಯ ಮಾತೇ ಅಂತೆ. ನರ್ಸಮ್ಮ ಗ್ಲೂಕೋಸಿನ ಬಾಟಲಿ ಬದಲಿಸಲು ಬಂದರೆ, ಇದಕ್ಕೂ ಗೆರೆ ಎಳೆದಿಡಮ್ಮ, ನಾಳೆ ಬಂದು ಕುಡೀತೀನಿ ಎಂದು ತಮಾಷೆ ಮಾಡುತ್ತಿದ್ದರಂತೆ. ಒಂದು ರಾತ್ರಿ ಗಡುವು ಮೀರಿದರೇನು ಗತಿ ಎಂದು ಕೇಳಿದರಂತೆ. ಪೇಜೆನ್ ಇದ್ದಾಳೆ ಬಿಡು ಎಂದು ಮೇಷ್ಟ್ರು ಹೇಳಿದ ಮೇಲೆ ಕಣ್ಣು ಮುಚ್ಚಿ ನಿದ್ದೆ ಹೋದರಂತೆ. ನಾನು ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದು ಕೂತಿದ್ದೆ. ಇಳಿದಾಗ ಅಂಗೈಯಲ್ಲಿ ಅದರ ಗುರುತು ಮೂಡಿತ್ತು.

ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಗಳು. ದೊಡ್ಡಪ್ಪನದು ಮೇಲಿನಿಂದ ಮೂರನೆಯ ಸಾಲು. ಹೊಸ ಕಲ್ಲು, ಹೆಸರಿನ ಅಕ್ಷರಗಳ ಬಂಗಾರದ ಬಣ್ಣ ಇನ್ನೂ ಮಾಸಿರಲಿಲ್ಲ. ನಾನು ಬಟ್ಟೆ ಒದ್ದೆ ಮಾಡಿ ಕಲ್ಲು ಒರೆಸಿದೆ. ಮೇಷ್ಟ್ರು ಸೇವಂತಿಗೆ ಇಟ್ಟರು, ಹಬ್ಬದ ಹಸಿರು ಅಕ್ಕಿಯುಂಡೆ ಇಟ್ಟರು, ಒಂದು ಸಿಗರೇಟು ಹಚ್ಚಿ ಕಲ್ಲಿನ ಅಂಚಿಗೆ ಒರಗಿಸಿದರು. ಚೀಲದಿಂದ ಮೂರು ಪುಟ್ಟ ಬಟ್ಟಲು ತೆಗೆದರು. ಒಂದು ಯಾನ್‌ದು, ಒಂದು ತಮ್ಮದು, ಇನ್ನೊಂದು ನನ್ನದು.

ದೊಡ್ಡಪ್ಪನ ಬಟ್ಟಲನ್ನು ತುಂಬಿ ಮಣ್ಣಿಗೆ ಸುರಿದರು. ಮತ್ತೆ ತುಂಬಿ ಮತ್ತೆ ಸುರಿದರು. ಮಣ್ಣು ಸದ್ದಿಲ್ಲದೆ ಕುಡಿಯಿತು. ಮದ್ಯ ಸುರಿದ ಕಡೆ ಏಳಬೇಕಾದ ಘಾಟು ಏಳಲಿಲ್ಲ, ಅದು ನನಗೊಬ್ಬಳಿಗೇ ಗೊತ್ತು. ಆಮೇಲೆ ಅವರು ನೆಟ್ಟಗೆ ನಿಂತು, ಡೋಲಿಲ್ಲದೆ, ಎಡಗೈ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಾ ಹೇಳಿದರು. ನಲವತ್ತು ವರ್ಷದ ಹಿಂದೆ ನೆಲದ ಮೇಲೆ ಕೂತು ಕೇಳಿದ ಅದೇ ಏರು, ಅದೇ ಇಳಿತ. ಪದ್ಯ ಮಾತ್ರ ಹೊಸದು, ಅವರೇ ಕಟ್ಟಿದ್ದು.

"ಊರೆಲ್ಲವನು ಹೊಳೆ ದಾಟಿಸಿದವನೆ,
ನಿನ್ನ ದಾಟಿಸಿದ ದೋಣಿ ಯಾವುದೋ?
ಬಟ್ಟಲ ತಗ್ಗಿಸಿ ಗೆದ್ದವನೆ,
ಇನ್ನು ತಗ್ಗಿಸಲು ತಾವು ಎಲ್ಲಿದೆಯೋ?"

ಹೇಳಿ ಮುಗಿಸಿ ಮಿಕ್ಕ ಎರಡು ಬಟ್ಟಲು ತುಂಬಿದರು. ಒಂದನ್ನು ನನ್ನ ಕೈಗೆ ಕೊಟ್ಟರು. ನೀನು ಕುಡಿಯುವವಳಲ್ಲ ಎಂದು ಗೊತ್ತು, ತುಟಿಯ ಹತ್ತಿರ ತಂದು ಇಟ್ಟುಬಿಡು, ಅವನಿಗೆ ಅಷ್ಟೇ ಸಾಕು ಎಂದರು.

ಆ ಬಟ್ಟಲಿನಲ್ಲಿ ನನ್ನ ವ್ರತ ಹೆದರುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ನನ್ನ ಒಲೆಯ ಮೇಲೆ ಕುದಿಸಿದ್ದು. ಹಿಂಜರಿದರೆ ಎಲ್ಲಿ ಅನುಮಾನ ಬರುತ್ತದೋ ಎಂದು ಕೈ ತಾನಾಗಿ ಎದ್ದಿತು. ಒಂದೇ ಗುಟುಕಿಗೆ ಪೂರ್ತಿ ಕುಡಿದು ಬಟ್ಟಲು ಬರಿದಾದದ್ದನ್ನು ವಾಡಿಕೆಯಂತೆ ತೋರಿಸಿದೆ.

ಮೇಷ್ಟ್ರು ನನ್ನನ್ನೇ ನೋಡಿದರು. ತಮ್ಮ ಬಟ್ಟಲನ್ನು ಮುಟ್ಟದೆ ಕಲ್ಲಿನ ಮೇಲಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು, ಕೈ ಜೋಡಿಸಿ, ನನ್ನ ಎದುರು ಸೊಂಟದಿಂದ ಬಾಗಿದರು. ಬಾಗಿ ಹಾಗೇ ನಿಂತರು. ಎಪ್ಪತ್ತನಾಲ್ಕು ವರ್ಷದ ಬೆನ್ನು, ಕೋಟಿನ ಮೇಲೆ ಎಲುಬುಗಳ ಸಾಲು. ಹಿರಿಯರು ಹೀಗೆ ಬಾಗಿದರೆ ಕಿರಿಯರ ಆಯಸ್ಸು ಕರಗುತ್ತದೆ ಎನ್ನುತ್ತಾರೆ. ನನಗೆ ಆಯಸ್ಸಿನ ಯೋಚನೆ ಬರಲಿಲ್ಲ. ನೆಲದೊಳಗೆ ಎಷ್ಟು ಆಳಕ್ಕೆ ಇಳಿದರೆ ಆ ತಲೆಗಿಂತ ತಗ್ಗಿನಲ್ಲಿ ನಿಂತೇನು ಎಂದು ಮಾತ್ರ ಅನ್ನಿಸಿತು.

"ಇಷ್ಟು ವರ್ಷದ ವ್ರತ" ಎಂದರು, ಇನ್ನೂ ತಲೆ ಎತ್ತದೆ. "ನಮ್ಮ ಯಾನ್‌ಗೋಸ್ಕರ ಮುರಿದ್ಯಲ್ಲಮ್ಮ."

"ಮುರಿಲಿಲ್ಲ ಮೇಷ್ಟ್ರೇ" ಎಂದೆ. ನನ್ನ ದನಿ ನನಗೇ ಯಾರದೋ ಎನ್ನಿಸಿತು. "ಅದು ಬಾರ್ಲಿ ನೀರು. ಸೀಸೆ ಖಾಲಿಯಾಗಿ ಒಂದು ತಿಂಗಳಾಯ್ತು. ಬೆಳಿಗ್ಗೆ ನಾನೇ ತುಂಬಿದೆ."

ಅವರು ನಿಧಾನವಾಗಿ ನೆಟ್ಟಗಾದರು. ಕೋಪ ಬರಲಿ ಎಂದು ಕಾದೆ. ಬರಲಿಲ್ಲ. ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಕೂತರು. ದೊಡ್ಡಪ್ಪನ ಸಿಗರೇಟು ಗಾಳಿಗೆ ತಾನೇ ಉರಿದು ಕೊನೆಗೆ ಬಂದು, ಬೂದಿ ಮುರಿದು ಬಿತ್ತು. ಆಗ ಅವರು ತಮ್ಮ ಬಟ್ಟಲನ್ನು ಎತ್ತಿ ಒಂದು ಹನಿ ನಾಲಿಗೆಗೆ ಹಾಕಿಕೊಂಡರು. ಬಾಯಲ್ಲಿ ಹೊರಳಿಸಿದರು.

"ತಣ್ಣಗಿದೆ" ಎಂದರು. "ಅಷ್ಟೇ ಗೊತ್ತಾಗತ್ತೆ ನಂಗೆ."

ನಾನು ಮಂಡಿಯೂರಿದೆ.

"ನಂಗಲ್ಲ" ಎಂದು ಕಲ್ಲಿನ ಕಡೆಗೆ ಗದ್ದ ಎತ್ತಿ ತೋರಿಸಿದರು. "ಸೀಸೆ ಅವಂದು. ಅವನಿಗೆ ಹೇಳು."

ಕಲ್ಲಿನ ಮೇಲಿನ ಹೆಸರಿಗೆ ಹೇಳಿದೆ. ಮಾತು ಕೊಟ್ಟದ್ದು, ಚೀಟಿಯಲ್ಲಿ ಎರಡು ಅಕ್ಷರ ಬರೆಯದೆ ಬಿಟ್ಟದ್ದು, ಕುವಾಂಗ್ ಕಾದರೂ ಬಾಯಿ ಬಿಡದಿದ್ದದ್ದು. ಹುಡುಗರು ಬೆಳಕಿಗೆ ಹಿಡಿದು ಮಂಜುಗಡ್ಡೆಯ ಬಕೆಟ್ಟಿಗೆ ಸುರಿದದ್ದು. ಯಾಕೆ ಕೊಟ್ಟೆ ಎಂದು ಪಕ್ಕದಿಂದ ಮೇಷ್ಟ್ರ ದನಿ ಕೇಳಿತು. ಅದನ್ನೊಂದು ಬಿಟ್ಟು ಮಿಕ್ಕದ್ದೆಲ್ಲ ಹೇಳಿದ್ದೆ.

"ನೀವಿಬ್ರೂ ಹೋಗ್ಬಿಟ್ಟಿದ್ದೀರಿ ಅಂದ್ಕೊಂಡೆ."

ಮೇಷ್ಟ್ರು ಕಲ್ಲಿನ ಅಂಚಿನ ಸಿಗರೇಟಿನ ಬೂದಿಯನ್ನು ಬೆರಳಿನಿಂದ ಒರೆಸಿದರು.

"ಅರ್ಧ ಸರಿಯಾಗೇ ಅಂದ್ಕೊಂಡಿದ್ದೆ" ಎಂದರು.

ಆಮೇಲೆ, ಮಂಜುಗಡ್ಡೆಗೆ ಚೆಲ್ಲಿದರೇ ಎಂದು ಕೇಳಿದರು. ಹೌದೆಂದೆ. ಕೊಟ್ಟಿದ್ದಕ್ಕೆ ಯಾನ್ ಏನೂ ಅನ್ನುತ್ತಿರಲಿಲ್ಲ, ಚೆಲ್ಲಿದ್ದಕ್ಕೆ ಮಾತ್ರ ಆ ಹುಡುಗರನ್ನು ಹೊಳೆಗೆ ತಳ್ಳುತ್ತಿದ್ದ ಎಂದರು. ಅವರ ತುಟಿ ನಗುವಿನ ಹಾಗೆ ಅಲುಗಿತು, ನಗು ಬರಲಿಲ್ಲ. ಸೀಸೆಯಲ್ಲಿ ಉಳಿದ ಬಾರ್ಲಿ ನೀರನ್ನು ಸೇವಂತಿಗೆಯ ಬುಡಕ್ಕೆ ಸುರಿದು, ಖಾಲಿ ಸೀಸೆಯನ್ನು ಚೀಲದಲ್ಲಿಟ್ಟುಕೊಂಡರು. ಅಕ್ಕಿಯುಂಡೆಯನ್ನು ಎರಡಾಗಿ ಮುರಿದು ನನ್ನ ಕಡೆ ನೋಡದೆ ಅರ್ಧವನ್ನು ಚಾಚಿದರು. ನೈವೇದ್ಯ ಇಟ್ಟಮೇಲೆ ತಿನ್ನಲೇಬೇಕು. ಮಂಡಿಯೂರಿದಲ್ಲೇ ತಿಂದು ಮುಗಿಸಿದೆ.

ಮೆಟ್ಟಿಲು ಇಳಿಯುವಾಗ ಕೈ ಹಿಡಿಯಲು ಹೋದೆ. ಬೇಡವೆನ್ನಲಿಲ್ಲ, ಕೊಡಲೂ ಇಲ್ಲ. ಕೊನೆಯ ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಂಡರು.

"ನಾನು ಬಗ್ಗಿದ್ನಲ್ಲ ಪೇಜೆನ್, ಅದನ್ನ ವಾಪಸ್ ತಗೊಳ್ಳೋಕೆ ಬರಲ್ಲ. ನಿನ್ ಹತ್ರಾನೇ ಇಟ್ಕೊಂಡಿರು."

ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ.

ಸಂಜೆ ಕುವಾಂಗ್ ಹಲಗೆಯ ಮೇಲಿನ ಖಾಲಿ ಜಾಗ ನೋಡಿ ದೋಣಿಯ ಸೀಸೆ ಎಲ್ಲಿ ಎಂದು ಕೇಳಿದ. ಅದರ ಯಜಮಾನರು ತೆಗೆದುಕೊಂಡು ಹೋದರು ಎಂದೆ. ಮೊದಲನೇ ಪಾಳಿ ಇನ್ನು ಬರುವುದಿಲ್ಲವೇ ಎಂದು ಹುಡುಗಿಯರು ವಿಚಾರಿಸಿದರು. ಗೊತ್ತಿಲ್ಲ ಎಂದೆ. ಈವರೆಗೆ ಬಂದಿಲ್ಲ. ಗುರುವಾರ ಐದಕ್ಕೆ ಬಾಗಿಲು ತೆರೆದವಳು ನಾನು ಮೊದಲು ಕಿಟಕಿಯ ಮೇಜು ಒರೆಸುತ್ತೇನೆ, ಏಳರವರೆಗೆ ಅಲ್ಲಿ ಬೇರೆಯವರನ್ನು ಕೂರಿಸುವುದಿಲ್ಲ.

ಹುಣ್ಣಿಮೆಯ ದಿನ ವಿಹಾರದಲ್ಲಿ ವ್ರತಗಳನ್ನು ಒಟ್ಟಿಗೆ ಹೇಳುತ್ತೇವೆ. ಹಿರಿಯ ಭಿಕ್ಷುಣಿ ಒಂದೊಂದನ್ನೇ ಕರೆದು, ಕಾಯಬಲ್ಲಿರಾ ಎಂದು ಕೇಳುತ್ತಾರೆ. ಬಲ್ಲೆವು ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕು. ಮೊದಲ ಮೂರಕ್ಕೆ ನನ್ನ ದನಿಯೂ ಸೇರುತ್ತದೆ. ನಾಲ್ಕನೆಯದಕ್ಕೆ ತುಟಿ ಬಿಚ್ಚುವುದಿಲ್ಲ. ಐದನೆಯದಕ್ಕೆ, ಇಂದಿಗೂ ಒಂದು ಹನಿ ಮದ್ಯ ಮುಟ್ಟದವಳು, ಎಲ್ಲರಿಗಿಂತ ಮೊದಲು ತಲೆ ತಗ್ಗಿಸುತ್ತೇನೆ.